ತೊಳೆಯದೆ ಬರೆದ ವರದಿ

ಯಾರ ಮನೆಗಾದರೂ ಹೋದಾಗ ಗಾಜಿನ ಲೋಟದಲ್ಲಿ ನೀರು ಕೊಟ್ಟರೆ, ಕುಡಿಯುವ ಮೊದಲು ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಇದು ಈಚೆಗೆ ಅಂಟಿಕೊಂಡ ಚಟ. ಕೊಟ್ಟವರಿಗೆ ಕಸಿವಿಸಿಯಾಗುತ್ತದೆ. 'ನೀರಲ್ಲಿ ಏನಾದರೂ ಬಿದ್ದಿದೆಯಾ ಸರ್?' ಎಂದು ಕೇಳುತ್ತಾರೆ. ಮೇಷ್ಟ್ರು ಶುಚಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಎಂದು ಕೆಲವರು ತಿಳಿದುಕೊಂಡಿದ್ದಾರೆ. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಗಿರಿಜಾ ಮಾತ್ರ ಸೆರಗಿನ ಮರೆಯಲ್ಲಿ ನಗುತ್ತಾಳೆ. ಅವಳಿಗೆ ನಿಜ ಗೊತ್ತು. ಇವತ್ತು ನಿಮಗೂ ಹೇಳಿಬಿಡುತ್ತೇನೆ. ಹೇಳಿದರೆ ಹಗುರಾಗುತ್ತದೆ ಎಂದಲ್ಲ, ಹಾಗೇನೂ ಆಗುವುದಿಲ್ಲ ಎಂದು ಈಗಾಗಲೇ ನೋಡಿದ್ದೇನೆ.

ನಾನು ಶಿರಸಿಯ ಪಿಯು ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ನಿವೃತ್ತನಾದ ಮೇಲೆ ಗಿರಿಜಾಳ ಬಲಗೈ ಹೆಬ್ಬೆರಳಿನ ಸಂದು ನೋಯತೊಡಗಿತು. ಡಾಕ್ಟರು ಒತ್ತಿ ನೋಡಿ, 'ಪಾತ್ರೆ ತಿಕ್ಕೋದು ಬಿಡಬೇಕು' ಎಂದರು. ಗಿರಿಜಾ ತಿರುಗಿ ನನ್ನ ಮುಖ ನೋಡಿದಳು. ನಾನು ಡಾಕ್ಟರ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಮುಂದಿನ ವಾರ ನಮ್ಮ ಮನೆಗೆ ಪಾತ್ರೆ ತೊಳೆಯುವ ಮಷಿನ್ ಬಂತು.

ಅದು ಬಂದ ಹೊಸದರಲ್ಲಿ ಗಿರಿಜಾ ಪಾತ್ರೆಗಳನ್ನೆಲ್ಲ ಒಮ್ಮೆ ಚೆನ್ನಾಗಿ ತೊಳೆದು ಆಮೇಲೆ ಅದರೊಳಗೆ ಜೋಡಿಸುತ್ತಿದ್ದಳು. 'ಮತ್ತೆ ಮಷಿನ್ ಯಾಕೆ ತಂದದ್ದು?' ಎಂದು ಕೇಳಿದರೆ, 'ಹೊಸಾ ಮಷಿನ್ರೀ. ಅದಕ್ಕ ಹೊಲಸ ಪಾತ್ರೆ ಹೆಂಗ ಕೊಡೂದು?' ಎನ್ನುತ್ತಿದ್ದಳು. ಮನೆಗೆ ಬಂದ ಬೀಗರಿಗೆ ತೋರಿಸುವ ಸಂಕೋಚವನ್ನೇ ಅವಳು ಮಷಿನ್ನಿಗೂ ತೋರಿಸುತ್ತಿದ್ದಳು. ಅದು ಹೋಗಲು ಎರಡು ತಿಂಗಳು ಹಿಡಿಯಿತು.

ಪಾತ್ರೆಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೆ. ನಮ್ಮದು ಬನವಾಸಿ ಕಡೆ ಹಳ್ಳಿ, ಅಪ್ಪನದು ಕಿರಾಣಿ ಅಂಗಡಿ. ಮನೆ ತುಂಬ ಜನ. ಹಿತ್ತಿಲಿನ ಕಲ್ಲಿನ ಮೇಲೆ ಅಜ್ಜಿ ಕುಕ್ಕರುಗಾಲಲ್ಲಿ ಕೂತು, ಒಲೆಯ ಬೂದಿ, ತೆಂಗಿನ ನಾರು, ಹಿಡಿ ಹುಣಸೆಹಣ್ಣು ಇಟ್ಟುಕೊಂಡು, ಸಂಜೆಯ ಬಿಸಿಲು ಇಳಿಯುವುದರೊಳಗೆ ಒಂದು ರಾಶಿ ತಾಮ್ರ ಹಿತ್ತಾಳೆಯನ್ನು ಬೆಳಗುತ್ತಿದ್ದಳು. ಬೂದಿಯನ್ನು ಜರಡಿ ಹಿಡಿದು ತಂದುಕೊಡುವುದು ನನ್ನ ಪಾಲಿನ ಕೆಲಸ. ಜರಡಿ ಹಿಡಿಯದಿದ್ದರೆ ಕೆಂಡದ ಚೂರು ಉಳಿದು ಪಾತ್ರೆಗೆ ಗೀರು ಬೀಳುತ್ತಿತ್ತು. ಉಂಡ ತಟ್ಟೆ, ಕುಡಿದ ಲೋಟವನ್ನು ಅವರವರೇ ತೊಳೆದಿಡಬೇಕು ಎಂಬುದು ಅಜ್ಜಿಯ ಕಾನೂನು. ನಾನು ಮಜ್ಜಿಗೆ ಕುಡಿದ ಲೋಟವನ್ನು ಚಡ್ಡಿಗೆ ಒರೆಸಿ ಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತಿದ್ದೆ. ಅಜ್ಜಿ ಕಣ್ಣಿನಿಂದ ನೋಡುತ್ತಿರಲಿಲ್ಲ, ಮೂಗಿನ ಹತ್ತಿರ ಹಿಡಿಯುತ್ತಿದ್ದಳು.

'ತೊಳದೀಯೇನೋ?'

'ಹೂಂ.'

'ಯಾತರಲೇ ತೊಳದಿ, ಬಾಯಿಲೇನು?'

ಅವಳು ಬೈದದ್ದು ಅಷ್ಟೇ. ಆದರೆ ಆ ಲೋಟವನ್ನು ನನ್ನ ಕೈಗೆ ವಾಪಸು ಕೊಡದೆ ತಾನೇ ಬೂದಿ ಹಚ್ಚಿ ತಿಕ್ಕತೊಡಗುತ್ತಿದ್ದಳಲ್ಲ, ಅದು ಹೊಡೆತಕ್ಕಿಂತ ಹೆಚ್ಚು ತಾಗುತ್ತಿತ್ತು. ತಾಗಿದರೂ ನಾನು ಚಡ್ಡಿಗೆ ಒರೆಸುವುದನ್ನು ಬಿಡಲಿಲ್ಲ ಎಂಬುದನ್ನೂ ಹೇಳಬೇಕು.

ಇರಲಿ. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಮನೆಯ ಗೇಟು ತೆಗೆದುಕೊಂಡು ಒಬ್ಬಳು ಹೆಣ್ಣುಮಗಳು ಬಂದಳು. ಕೈಯಲ್ಲಿ ಬಟ್ಟೆಯ ಚೀಲ.

'ಸರ್, ಗುರ್ತು ಸಿಕ್ತಾ? ನಾನು ನಾಗವೇಣಿ. ಈಗ ಕಾನಸೂರಲ್ಲಿ ಇರದು.'

ಮುಖ ನೆನಪಾಯಿತು. ಪ್ರಯೋಗಾಲಯದ ಕೊನೆಯ ಮೇಜಿನಲ್ಲಿ ನಿಲ್ಲುತ್ತಿದ್ದ, ಬ್ಯೂರೆಟ್ಟಿನ ತುದಿಯಿಂದ ಒಂದೊಂದೇ ಹನಿ ಬೀಳುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದ ಹುಡುಗಿ. ಕಾನಸೂರಿನ ಸುತ್ತಲಿನ ಐದು ಜನ ಹೆಂಗಸರು ಸೇರಿ ಅಂಟುವಾಳದ ಕಾಯಿ ಒಣಗಿಸಿ ಪುಡಿ ಮಾಡಿ, ಸೋಡಾ, ನಿಂಬೆ ಉಪ್ಪು ಬೆರೆಸಿ ಪಾತ್ರೆ ತೊಳೆಯುವ ಪುಡಿ ಮಾಡುತ್ತಿದ್ದಾರಂತೆ. ಕೈಯಲ್ಲಿ ತಿಕ್ಕುವವರು ಅದನ್ನು ಇಷ್ಟಪಟ್ಟಿದ್ದಾರೆ. ಕೈ ಒಡೆಯುವುದಿಲ್ಲ, ತೊಳೆದ ನೀರನ್ನು ಬಾಳೆಗಿಡದ ಬುಡಕ್ಕೆ ಬಿಟ್ಟರೂ ಗಿಡಕ್ಕೆ ಏನೂ ಆಗುವುದಿಲ್ಲ. ಈಗ ಯಲ್ಲಾಪುರದಲ್ಲಿ ಕೆಲವರು, 'ನಮ್ಮ ಮನೇಲಿ ಮಷಿನ್ ಇದೆ, ಅದಕ್ಕೆ ಹಾಕುವಂಥದ್ದು ಮಾಡಿಕೊಡಿ' ಎಂದು ಕೇಳುತ್ತಿದ್ದಾರೆ.

'ನಮ್ಮ ಐದು ಜನರ ಮನೇಲೂ ಮಷಿನ್ ಇಲ್ಲೆ ಸರ್. ನಿಮ್ಮನೇಲಿ ಇದ್ದು ಅಂತ ಗೊತ್ತಾತು. ಹತ್ತು ಸಲ ಹಾಕಿ ನೋಡಿ, ಹೆಂಗೆ ತೊಳೀತು ಅಂತ ಬರ್ದು ಕೊಟ್ರೆ ಸಾಕು.'

ಚೀಲದಿಂದ ಮೂರು ಪೊಟ್ಟಣ ತೆಗೆದಳು. ಜೊತೆಗೆ ಒಂದು ನೋಟ್‌ಬುಕ್. ಅದರಲ್ಲಿ ಸ್ಕೇಲು ಹಿಡಿದು ಗೆರೆ ಎಳೆದಿದ್ದಳು. ದಿನಾಂಕ, ಪಾತ್ರೆ, ಕಲೆ, ಫಲಿತಾಂಶ. ಹತ್ತು ಸಾಲು, ಹತ್ತೂ ಖಾಲಿ.

ನನಗೆ ಎಷ್ಟು ಹಿಗ್ಗಾಯಿತೆಂದರೆ ಅವಳನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದೆ. ಜಿಡ್ಡು ಯಾಕೆ ನೀರಿಗೆ ಬಗ್ಗುವುದಿಲ್ಲ, ಕ್ಷಾರ ಅದನ್ನು ಹೇಗೆ ಒಡೆಯುತ್ತದೆ, ಗಡಸು ನೀರೆಂದರೇನು. ಅವಳು ಅದನ್ನೂ ಬರೆದುಕೊಂಡಳು. ಆದರೆ ಮುಖ್ಯವಾದ ಒಂದು ಮಾತು ನನ್ನ ಬಾಯಿಂದ ಬರಲೇ ಇಲ್ಲ. ಅಂಟುವಾಳ ಕಾಯಿಯೆಂದರೆ ನೊರೆ. ಕೈಯಲ್ಲಿ ತಿಕ್ಕುವಾಗ ನೊರೆ ಬಂದರೆ ಮನಸ್ಸಿಗೆ ಸಮಾಧಾನ. ಮುಚ್ಚಿದ ಮಷಿನ್ನಿನೊಳಗೆ ಅದೇ ನೊರೆಗೆ ಹೋಗಲು ದಾರಿ ಇರುವುದಿಲ್ಲ. ಪಾಠ ಮಾಡುವ ಉಮೇದಿನಲ್ಲಿ ಅದು ಹೊಳೆಯಲಿಲ್ಲ. ಒಂದೇ ಒಂದು ಸಲ ಪುಡಿ ಹಾಕಿ ಗುಂಡಿ ಒತ್ತಿದ್ದರೆ ಹೊಳೆಯಲೇಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ಒತ್ತಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಆ ದಿನ ಮಷಿನ್ನಿಗೆ ಅಂಗಡಿಯಿಂದ ತಂದ ಸೋಪಿನ ಬಿಲ್ಲೆಯನ್ನು ಆಗಲೇ ಹಾಕಿ ಆಗಿತ್ತು. ಮರುದಿನ ಗಿರಿಜಾಳ ತಂಗಿ ಬಂದಿದ್ದಳು, ನೆಂಟರ ಎದುರು ಪ್ರಯೋಗ ಬೇಡವೆನ್ನಿಸಿತು. ಅದರ ಮರುದಿನ ಮರೆತೆ. ಪೊಟ್ಟಣಗಳು ಸಿಂಕಿನ ಕೆಳಗಿನ ಕಪಾಟು ಸೇರಿದವು. ನೋಟ್‌ಬುಕ್ ಟಿವಿಯ ಮೇಲೆ ಕೂತಿತು.

ಇಪ್ಪತ್ತು ದಿನ ಕಳೆದು ಅವಳ ಫೋನ್ ಬಂತು. 'ಸರ್, ಪುಡಿ ಹಾಕಿ ನೋಡಿದ್ರಾ?'

'ಇಲ್ಲ ಮಾರಾಯ್ತಿ, ಮರೆತೆ' ಎನ್ನಬಹುದಿತ್ತು. ಎಷ್ಟು ಸಣ್ಣ ಮಾತು ಅದು! ಆದರೆ ಅವಳ ದನಿಯಲ್ಲಿದ್ದ ಮರ್ಯಾದೆ ಕೇಳಿ ನನಗೆ ಸಣ್ಣವನಾಗಲು ಮನಸ್ಸು ಬರಲಿಲ್ಲ. 'ನೋಡಿದೆ ನೋಡಿದೆ. ಬಹಳ ಚಲೋ ಇದೆ' ಎಂದೆ.

'ಹಾಲಿನ ಪಾತ್ರೆ?'

'ಚೊಕ್ಕ ಆಯ್ತು.'

'ಗಾಜಿನ ಲೋಟ ಸರ್?'

'ಫಳಫಳ.'

'ಅಯ್ಯ, ನಂಗೆ ಅದೇ ಹೆದ್ರಿಕೆ ಇತ್ತು! ಸರ್, ನಾನೀಗ ಶಿರಸಿ ಬಸ್‌ಸ್ಟ್ಯಾಂಡಲ್ಲೇ ಇದ್ದೆ. ಒಂದು ತಾಸಲ್ಲಿ ಬಂದು ನೋಟ್‌ಬುಕ್ ತಗಂಡು ಹೋಗ್ತೆ.'

ಆ ಒಂದು ತಾಸಿನಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ಕಿವಿ ಬಿಸಿಯಾಗುತ್ತದೆ. ಗಿರಿಜಾ ಪಕ್ಕದ ಮನೆಗೆ ಹೋಗಿದ್ದಳು. ನಾನು ಟಿವಿಯ ಮೇಲಿನ ನೋಟ್‌ಬುಕ್ಕಿನ ಧೂಳು ಕೊಡವಿ, ಊಟದ ಮೇಜಿನ ಮೇಲೆ ಇಟ್ಟುಕೊಂಡು ಹತ್ತೂ ಸಾಲು ತುಂಬಿಸಿದೆ. ಹತ್ತು ದಿನಾಂಕ ಹಾಕಿದೆ. ಸಾಂಬಾರಿನ ಪಾತ್ರೆ, ಚಹದ ಕಪ್ಪು, ತುಪ್ಪದ ಗಿಂಡಿ, ದೋಸೆ ಹಿಟ್ಟಿನ ಡಬ್ಬಿ. ಎಲ್ಲ ಒಂದೇ ಶಾಯಿಯಲ್ಲಿದ್ದರೆ ಒಂದೇ ಸಲ ಬರೆದದ್ದೆಂದು ಗೊತ್ತಾಗುತ್ತದಲ್ಲ? ಮೂರು ಪೆನ್ನು ಹುಡುಕಿದೆ. ಎರಡು ನೀಲಿ, ಒಂದು ಕಪ್ಪು. ಎಲ್ಲವೂ ಚೆನ್ನಾಗಿದ್ದರೆ ಯಾರೂ ನಂಬುವುದಿಲ್ಲವೆಂದು ಏಳನೇ ಸಾಲಿನಲ್ಲಿ 'ಅನ್ನದ ತಪ್ಪಲೆಯ ತಳದಲ್ಲಿ ಸ್ವಲ್ಪ ಕಲೆ ಉಳಿಯಿತು' ಎಂದು ಬರೆದೆ. ಆ ಸಾಲು ಬರೆದಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ ಎಂಬುದನ್ನು ಮುಚ್ಚಿಡಬಾರದು.

ನಾಗವೇಣಿ ಬಂದಳು, ನಿಂತುಕೊಂಡೇ ಹತ್ತೂ ಸಾಲು ಓದಿದಳು. ಏಳನೇ ಸಾಲಿನ ಹತ್ತಿರ ಬೆರಳು ನಿಂತಿತು. ಅವಳ ಮುಖ ಅರಳಿತು.

'ಇದೇ ನೋಡಿ ಸರ್. ಬೇರೆಯವ್ರಾದ್ರೆ ಎಲ್ಲ ಚೊಲೋ ಅಂತ ಬರ್ದು ಕೊಡ್ತಿದ್ರು. ಪ್ರಾಕ್ಟಿಕಲ್ ಮಾಡದೇ ರೀಡಿಂಗ್ ಬರ್ದ್ರೆ ನೀವು ರೆಕಾರ್ಡ್ ಪುಸ್ತಕ ಕಿಟಕಿ ಹೊರಗೆ ಬಿಸಾಡ್ತಿದ್ರಿ. ಅದಕ್ಕೇ ನಾನು ನಿಮ್ಮ ಹತ್ರನೇ ಬಂದಿದ್ದು.'

ಹೌದು, ಬಿಸಾಡುತ್ತಿದ್ದೆ. ಹುಡುಗರು ಅಂಗಳದಿಂದ ಹಾಳೆ ಆರಿಸಿಕೊಂಡು ಬರುತ್ತಿದ್ದರು. ಅವರೂ ಎರಡು ಮೂರು ಪೆನ್ನು ಬಳಸುತ್ತಿದ್ದರು, ನಾನು ಹಿಡಿಯುತ್ತಿದ್ದೆ. ಆ ಹೊತ್ತಿನಲ್ಲಾದರೂ ಬಾಯಿ ಬಿಡಬೇಕಾಗಿತ್ತು. ಬಿಟ್ಟೆ, ಆದರೆ 'ಚಹ ಕುಡೀತೀಯಾ?' ಎಂದು ಕೇಳಿದೆ.

ಆಮೇಲಿನದು ನನಗೆ ತಿಳಿದದ್ದು ಒಂದೂವರೆ ತಿಂಗಳ ನಂತರ. ಒಂದು ಮಧ್ಯಾಹ್ನ ನಾಗವೇಣಿ ಮತ್ತೆ ಬಂದಳು. ಜೊತೆಗೆ ಅವಳ ಗುಂಪಿನ ಸುಮಿತ್ರಾ, ಮನ್ಮನೆ ಊರಿನವಳು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು. ಇಬ್ಬರ ಮುಖವೂ ಬಾಡಿತ್ತು. ನನ್ನ ವರದಿಯನ್ನು ನಂಬಿ ಅವರು ಅಂಗಳ ತುಂಬ ಕಾಯಿ ಒಣಗಿಸಿ ದೊಡ್ಡ ಮಟ್ಟದಲ್ಲಿ ಪುಡಿ ಮಾಡಿದ್ದಾರೆ. ಯಲ್ಲಾಪುರದ ಏಳೆಂಟು ಮನೆಗೆ ನೋಟ್‌ಬುಕ್ ತೋರಿಸಿ ಕೊಟ್ಟು ಬಂದಿದ್ದಾರೆ. ಒಂದು ಮನೆಯಲ್ಲಿ ಮಷಿನ್ನಿನ ಬಾಗಿಲ ಸಂದಿಯಿಂದ ನೊರೆ ಉಕ್ಕಿ ಅಡುಗೆಮನೆ ತುಂಬಿ ಆ ಮನೆಯಾಕೆ ಜಾರಿ ಬಿದ್ದಿದ್ದಾರೆ, ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕೊಳವೆಬಾವಿ ನೀರಿನ ಮನೆಗಳಲ್ಲಿ ಗಾಜಿನ ಲೋಟವೆಲ್ಲ ಅನ್ನದ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಾಗಿವೆ. 'ಮೋಸದ ಪುಡಿ' ಎಂಬ ಮಾತು ಹಬ್ಬಿದೆ. ಐದು ಜನರಲ್ಲಿ ಇಬ್ಬರು ಗುಂಪು ಬಿಟ್ಟಿದ್ದಾರೆ.

ಇಷ್ಟಾದರೂ ನಾಗವೇಣಿಗೆ ನನ್ನ ಮೇಲೆ ಅನುಮಾನವಿಲ್ಲ. ತನ್ನದೇ ಏನೋ ತಪ್ಪಿದೆ ಎಂದುಕೊಂಡಿದ್ದಾಳೆ. 'ನಿಮ್ಮನೇಲಿ ಹತ್ತು ಸಲ ಹಾಕಿದ್ರೂ ಚೊಲೋ ಬಂತು. ಅಲ್ಲಿ ಎಂತಕ್ಕೆ ಹಿಂಗಾತು ಸರ್? ಎರಡ್ನೇ ಸಲ ಮಾಡಿದ್ದರಲ್ಲಿ ಎಂತಾದ್ರೂ ಹೆಚ್ಚುಕಮ್ಮಿ ಆತಾ?'

ನಾನು ತಕ್ಷಣ ಗಡಸು ನೀರಿನ ವಿಷಯ ತೆಗೆದೆ. ನಮ್ಮದು ನಲ್ಲಿಯ ಮೆತ್ತನೆ ನೀರು, ಅಲ್ಲಿಯದು ಕೊಳವೆಬಾವಿಯದು, ಸೋಡಾ ಸುಣ್ಣದಂಶದ ಜೊತೆ ಸೇರಿ ಬಿಳಿ ಪೊರೆ ಕಟ್ಟುತ್ತದೆ. ಎಲ್ಲ ಸರಿಯಾದ ವಿಜ್ಞಾನವೇ. ಅಡಗಿಕೊಳ್ಳಲು ನಿಜದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ ಎಂದು ಆ ದಿನ ಗೊತ್ತಾಯಿತು. ಸುಮಿತ್ರಾ ಬಾಯಿ ತೆರೆದು ಕೇಳುತ್ತಿದ್ದಳು. ನಾಗವೇಣಿ ಅವಳತ್ತ ತಿರುಗಿ ಮೆಲ್ಲಗೆ, 'ಆನು ಹೇಳಿದ್ನಿಲ್ಯಾ? ಸರ್ ಸುಳ್ಳು ಹೇಳ್ತ್ವಿಲ್ಲೆ' ಎಂದಳು.

ನಾನು ಬಹುಶಃ ಪಾರಾಗುತ್ತಿದ್ದೆ. ಅಷ್ಟರಲ್ಲಿ ನಾಗವೇಣಿ ಕೇಳಿದಳು: 'ಮೊದಲು ಕೊಟ್ಟಿದ್ದರಲ್ಲಿ ಒಂದು ಚಿಟಿಕೆ ಉಳದಿದ್ದಾ ಸರ್? ಎರಡನ್ನೂ ಇಟ್ಟು ನೋಡ್ಲಕ್ಕಿತ್ತು.'

'ಇಲ್ಲ, ಎಲ್ಲ ಖರ್ಚಾಯ್ತು' ಎಂದೆ. ಚಹ ತರುತ್ತಿದ್ದ ಗಿರಿಜಾ ಅದನ್ನು ಕೇಳಿಸಿಕೊಂಡಳು.

'ಯಾವ ಪುಡಿ? ಆ ಬಟ್ಟಿ ಚೀಲದಾಗ ತಂದಿದ್ರಲ್ಲ, ಅವೇನು? ಅದಾವರೀ, ನಿಮಗ ಗೊತ್ತಿಲ್ಲ' ಎಂದು ಒಳಗೆ ಹೋಗಿ, ಸಿಂಕಿನ ಕೆಳಗಿನಿಂದ ಮೂರು ಪೊಟ್ಟಣ ತಂದು ಟೀಪಾಯಿಯ ಮೇಲೆ ಇಟ್ಟಳು. 'ಒಂದೂ ಬಿಚ್ಚೇ ಇಲ್ಲಲ್ಲರೀ ಇವು!'

ಮೂರರ ಬಾಯಿಯ ಹೊಲಿಗೆಯೂ ಹಾಗೇ ಇತ್ತು.

ಗಿರಿಜಾ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿ, ಏನೋ ಆಗಬಾರದ್ದು ಆಗಿದೆ ಎಂದು ತಿಳಿದು ಅಲ್ಲೇ ನಿಂತಳು. ನಾನು ನನ್ನ ಕಾಲಿನ ಉಗುರು ನೋಡುತ್ತಿದ್ದೆ. ಕೊನೆಗೆ ನಾಗವೇಣಿ ಕೇಳಿದ್ದು ನನ್ನನ್ನಲ್ಲ, ಗಿರಿಜಾಳನ್ನು.

'ಅಕ್ಕಾ, ಕತ್ತರಿ ಇದ್ದಾ?'

ಅವಳೇ ಪೊಟ್ಟಣ ಕತ್ತರಿಸಿದಳು. ಅಡುಗೆಮನೆಗೆ ಹೋಗಿ, ಗಿರಿಜಾಳನ್ನು ಕೇಳಿಕೊಂಡು, ಮಧ್ಯಾಹ್ನದ ಸಾರಿನ ಪಾತ್ರೆ, ಹಾಲಿನ ಪಾತ್ರೆ, ಆರು ಗಾಜಿನ ಲೋಟ ಮಷಿನ್ನಿನೊಳಗೆ ಜೋಡಿಸಿ, ಪುಡಿ ಹಾಕಿ ಗುಂಡಿ ಒತ್ತಿದಳು. ನಾವು ನಾಲ್ಕು ಜನ ಅದರ ಎದುರು ನಿಂತೆವು. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಅಂಚಿನಲ್ಲಿ ಒಂದು ಬಿಳಿ ಗೆರೆ ಕಾಣಿಸಿತು. ಗೆರೆ ದಪ್ಪವಾಯಿತು, ಗುಳ್ಳೆ ಗುಳ್ಳೆಯಾಗಿ ನೆಲಕ್ಕೆ ಇಳಿಯಿತು.

ನಾನು ಹಳೆಯ ಲುಂಗಿ ತಂದು ಮಂಡಿಯೂರಿ ಒರೆಸತೊಡಗಿದೆ. 'ಬಿಡಿ ಸರ್, ನಾನು ಒರೆಸ್ತೆ' ಎಂದು ನಾಗವೇಣಿಯೂ ಬಗ್ಗಿದಳು. ಅಷ್ಟಾದ ಮೇಲೂ ಅವಳಿಗೆ ಮೇಷ್ಟ್ರು ನೆಲ ಒರೆಸುವುದು ನೋಡಲಾಗಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಲುಂಗಿಯನ್ನು ಅವಳಿಗೆ ಕೊಡಲಿಲ್ಲ.

'ಒಂದೇ ಸಲ ಹಾಕಿದ್ರೂ ಗೊತ್ತಾಗ್ತಿತ್ತು ಸರ್' ಎಂದಳು. 'ಹತ್ತು ಸಲ ಬೇಡಾಗಿತ್ತು.'

ಸುಮಿತ್ರಾ ಬಾಗಿಲಿಗೆ ಒರಗಿ ನಿಂತಿದ್ದಳು. 'ನೀವು ಬರ್ದಿದ್ದನ್ನ ನಾವು ಮನೆ ಮನೆಗೆ ಓದಿ ತೋರ್ಸಿದ್ವಿ' ಎಂದಳು, ಅಷ್ಟೇ.

'ತಪ್ಪಾಯ್ತು ನಾಗವೇಣಿ' ಎಂದೆ. ನೆಲ ನೋಡುತ್ತಲೇ ಎಂದೆ.

'ನನ್ನ ಹತ್ರ ಬೇಡ ಸರ್. ಯಲ್ಲಾಪುರದಲ್ಲಿ ಹೇಳಿ. ನಮ್ಮ ಹೆಸ್ರು ಹಾಳಾಗಿದ್ದು ಅಲ್ಲಿ.'

ಎರಡು ದಿನ ಬಿಟ್ಟು ನಾಗವೇಣಿ, ಸುಮಿತ್ರಾ, ನಾನು ಮೂವರೂ ಯಲ್ಲಾಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲನೆಯ ಮನೆಯಲ್ಲಿ, 'ಪರೀಕ್ಷೆಯಲ್ಲಿ ನನ್ನಿಂದ ಸ್ವಲ್ಪ ಅಜಾಗರೂಕತೆ ಆಯಿತು' ಎಂದೆ. ಚೆನ್ನಾದ ಮಾತು. ನಾಗವೇಣಿ ನನ್ನತ್ತ ನೋಡಿದಳು. ಬರ್ನರ್ ಹಚ್ಚಿದ್ದಾರೋ ಇಲ್ಲವೋ ಎಂದು ನಾನು ಮಕ್ಕಳನ್ನು ನೋಡುತ್ತಿದ್ದೆನಲ್ಲ, ಹಾಗೆ. ಮತ್ತೆ ಹೇಳಿದೆ: 'ಅಜಾಗರೂಕತೆ ಅಲ್ಲ. ನಾನು ಪರೀಕ್ಷೆ ಮಾಡಲೇ ಇಲ್ಲ. ಕೂತಲ್ಲೇ ಸುಳ್ಳು ಬರೆದೆ. ಇವರದ್ದು ತಪ್ಪಿಲ್ಲ.'

ಆ ಮನೆಯವರು ನಮಗೆ ಪಾನಕ ಕೊಟ್ಟರು. ಎರಡನೆಯ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಕೇಳಿ, ಬಾಗಿಲು ಹಾಕಿಕೊಂಡರು. ಮೂರನೆಯದರಲ್ಲಿ ಎದುರಾದದ್ದು ನನ್ನದೇ ಹಳೆಯ ವಿದ್ಯಾರ್ಥಿ, ತಲೆ ನರೆತಿದ್ದವನು. ನಾನು ಹೇಳಿ ಮುಗಿಸುವ ತನಕ ಕೈಕಟ್ಟಿ ನಿಂತು ಕೇಳಿದ. ಅವನ ಪುಸ್ತಕವನ್ನು ನಾನು ಕಿಟಕಿಯಿಂದ ಎಸೆದಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ನಾಲ್ಕನೆಯದು ಜಾರಿ ಬಿದ್ದವರ ಮನೆ. ಎಪ್ಪತ್ತು ದಾಟಿದ, ಎತ್ತರದ ಹೆಂಗಸು. ಎಲ್ಲ ಕೇಳಿಕೊಂಡು ಒಳಗೆ ಹೋಗಿ ದೊಡ್ಡ ಬುಟ್ಟಿ ತಂದಿಟ್ಟರು. ತುಂಬ ಗಾಜಿನ ಲೋಟಗಳು, ಎಲ್ಲ ಬೆಳ್ಳಗೆ.

'ಹೇಳಿದ್ದು ಸಾಕು ಮೇಷ್ಟ್ರೇ. ಇದನ್ನ ಮೊದಲಿನ ಹಾಗೆ ಮಾಡಿ ಕೊಡಿ. ನನ್ನ ಮಗಳ ಮದುವೆಗೆ ತಗಂಡ ಲೋಟ.'

ನಾಗವೇಣಿ ಸೆರಗು ಸಿಕ್ಕಿಸಿ ಮುಂದೆ ಬಂದಳು. ಆಕೆ ಕೈ ಅಡ್ಡ ಹಿಡಿದರು. 'ನೀನಲ್ಲ, ಅವ್ರು.'

ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಲೋಟ ಮುಳುಗಿಸಿಟ್ಟೆ. ಹುಳಿ ಈ ಬಿಳಿ ಪೊರೆಯನ್ನು ಕರಗಿಸುತ್ತದೆಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದಿದ್ದೆ, ಕೈಯಾರೆ ಮಾಡಿದ್ದು ಅದೇ ಮೊದಲು. ಒಂದೊಂದನ್ನೇ ಎತ್ತಿ, ಒಳಗೆ ಬೆರಳು ಹಾಕಿ ತಿಕ್ಕಿ, ಬೇರೆ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಕೊಟ್ಟೆ. ಆಕೆ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿ, ಮಸುಕು ಉಳಿದವನ್ನು ವಾಪಸು ಕೊಟ್ಟರು. ಎರಡು ಡಜನ್ ಮುಗಿಯುವಾಗ ಬೆರಳ ತುದಿ ನೆರಿಗೆಗಟ್ಟಿತ್ತು, ಸೊಂಟ ಹಿಡಿದಿತ್ತು. ಗಿರಿಜಾಳ ಹೆಬ್ಬೆರಳು ಯಾಕೆ ನೋಯುತ್ತದೆ ಎಂದು ಅರ್ಥವಾಯಿತು. ಅಂದಿನಿಂದ ಗಾಜಿನ ಲೋಟ ಕಂಡರೆ ನನ್ನ ಕೈ ತಾನಾಗಿ ಬೆಳಕಿನತ್ತ ಹೋಗುತ್ತದೆ.

ಪುಡಿಯ ಕತೆ ಏನಾಯಿತೆಂದು ನೀವು ಕೇಳಬಹುದು. ಮಷಿನ್ನಿನ ಪುಡಿಯಿಂದ ಅಂಟುವಾಳವನ್ನು ತೆಗೆದರು. ಸೋಡಾ ಕಡಿಮೆ ಮಾಡಿ ನಿಂಬೆ ಉಪ್ಪು ಹೆಚ್ಚಿಸಿದರು. ಈಗ ನಾಗವೇಣಿ ಐದು ಮನೆಗಳಲ್ಲಿ ಪರೀಕ್ಷೆ ಮಾಡಿಸುತ್ತಾಳೆ, ನಮ್ಮದು ಅವುಗಳಲ್ಲಿ ಒಂದು. ಈ ಸಲ ನಿಜವಾಗಿ ಮಾಡಿದ್ದೇನೆ, ಆದ್ದರಿಂದ ಹೇಳಬಲ್ಲೆ. ದಿನನಿತ್ಯದ ತಟ್ಟೆ, ಲೋಟ, ಸಾರಿನ ಪಾತ್ರೆ ಚೊಕ್ಕವಾಗುತ್ತವೆ. ಚಹದ ಕಲೆ ಹೋಗುತ್ತದೆ. ತುಪ್ಪದ ಜಿಡ್ಡು ಬಿಸಿನೀರಿನ ಸುತ್ತಿನಲ್ಲಿ ಮಾತ್ರ ಹೋಗುತ್ತದೆ. ತಳ ಹಿಡಿದ ಹಾಲಿಗೆ ಅದು ಸಾಲದು, ನೆನೆಸಿ ಕೈಯಲ್ಲೇ ತಿಕ್ಕಬೇಕು. ಪ್ಲಾಸ್ಟಿಕ್ ಡಬ್ಬಿಯ ಅರಿಸಿನಕ್ಕೆ ಅಂಗಡಿಯ ಬಿಲ್ಲೆಯೂ ಇಲ್ಲ, ಇದೂ ಇಲ್ಲ. ಕೊಳವೆಬಾವಿ ನೀರಾದರೆ ಗಾಜು ಇನ್ನೂ ಸ್ವಲ್ಪ ಮಸುಕಾಗುತ್ತದೆ. ಇದನ್ನೆಲ್ಲ, ಆಗುವುದಿಲ್ಲ ಎನ್ನುವುದನ್ನೂ ಸೇರಿಸಿ, ಅವಳು ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಿದ್ದಾಳೆ. ಯಲ್ಲಾಪುರದ ಮೂರು ಮನೆಯವರು ಮತ್ತೆ ತೆಗೆದುಕೊಳ್ಳುತ್ತಿದ್ದಾರೆ. ಗುಂಪು ಬಿಟ್ಟ ಇಬ್ಬರಲ್ಲಿ ಒಬ್ಬಳು ವಾಪಸು ಬಂದಿದ್ದಾಳೆ, ಇನ್ನೊಬ್ಬಳು ಬಂದಿಲ್ಲ.

ನಾಗವೇಣಿ ಈಗಲೂ ನನ್ನನ್ನು ಸರ್ ಎಂದೇ ಕರೆಯುತ್ತಾಳೆ. ಶಿರಸಿಗೆ ಬಂದರೆ ಮನೆಗೆ ಬಂದು ಚಹ ಕುಡಿದು ಹೋಗುತ್ತಾಳೆ. ಕಳೆದ ವಾರ ಹೊಸ ಪುಡಿ ಕಳಿಸಿದ್ದಳು. ಆರು ಸಲ ಹಾಕಿ, ಅವತ್ತವತ್ತಿನದನ್ನು ಅವತ್ತೇ ಬರೆದಿಟ್ಟೆ. ನಿನ್ನೆ ಬೆಳಿಗ್ಗೆ ಅವಳ ಫೋನ್ ಬಂತು. ಆರೂ ಸಾಲನ್ನು ನಿಧಾನವಾಗಿ ಓದಿ ಹೇಳಿದೆ. ಲೋಟಗಳು ಚೆನ್ನಾಗಿ ಬಂದಿವೆ ಎಂದೆ. ಅವಳು ಎಲ್ಲವನ್ನೂ ಕೇಳಿ ಬರೆದುಕೊಂಡಳೆಂದು ಕಾಣುತ್ತದೆ.

ಆಮೇಲೆ, ನನಗೆ ನೋವಾಗದ ಹಾಗೆ ಬಹಳ ಮೆಲ್ಲಗೆ ಹೇಳಿದಳು: 'ಚೊಲೋ ಆತು ಸರ್. ಒಂಚೂರು ಫೋನ್ ಅಕ್ಕನ ಕೈಲಿ ಕೊಡ್ತ್ರಾ?'

ಕೊಟ್ಟೆ. ಗಿರಿಜಾ ಫೋನು ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಒಂದೊಂದೇ ಲೋಟ ಎತ್ತಿ ನೋಡಿ ಅವಳು ಉತ್ತರ ಹೇಳುವುದು ನಾನು ಕೂತಲ್ಲಿಗೆ ಕೇಳಿಸುತ್ತಿತ್ತು.